ಹತ್ತನೆಯ ಸಂಪುಟದ ಹಿಮ

ಕ್ವಾರಿ ರಸ್ತೆಯಲ್ಲಿ ಗಾಳಿ ಬೀಸುತ್ತಿದೆ. ವಸಂತ ಬರುವ ಹೊತ್ತಾದರೂ ಚಳಿ ಬಿಟ್ಟಿಲ್ಲ. ಗಾಡಿಯ ಒಂದು ಬದಿಗೆ ಅಪ್ಪ ಟ್ಯಾಮ್, ಇನ್ನೊಂದು ಬದಿಗೆ ಮಗ ರ‍್ಯಾಂಡ್. ಊರಹಬ್ಬಕ್ಕೆಂದು ಸೇಬಿನ ಮದ್ಯದ ಪೀಪಾಯಿಗಳನ್ನು ಹೇರಿದ ಗಾಡಿಯನ್ನು ಬೇಲಾ ಎಂಬ ಹೆಣ್ಣುಕುದುರೆ ಎಳೆಯುತ್ತಿದೆ. ರ‍್ಯಾಂಡ್ ಹಿಂದಿರುಗಿ ನೋಡುತ್ತಾನೆ. ಕಪ್ಪು ನಿಲುವಂಗಿ ತೊಟ್ಟ ಸವಾರನೊಬ್ಬ ಹಿಂಬಾಲಿಸುತ್ತಿದ್ದಾನೆ. ಅಷ್ಟು ಗಾಳಿಯಲ್ಲೂ ಅವನ ನಿಲುವಂಗಿ ಅಲುಗುತ್ತಿಲ್ಲ.

ಇದು 1990. ನಿಮ್ಮ ಕೈಯಲ್ಲಿರುವುದು ರಾಬರ್ಟ್ ಜೋರ್ಡನ್‌ನ ‘ದಿ ಐ ಆಫ್ ದಿ ವರ್ಲ್ಡ್’, ‘ದಿ ವೀಲ್ ಆಫ್ ಟೈಮ್’ ಸರಣಿಯ ಮೊದಲ ಸಂಪುಟ. ಆ ರಾತ್ರಿಯೇ ಟ್ರಾಲಕ್ ಎಂಬ ರಾಕ್ಷಸ ಪ್ರಾಣಿಗಳು ಬಾಗಿಲು ಮುರಿದು ಮನೆಯೊಳಗೆ ನುಗ್ಗುತ್ತವೆ. ಗಾಯಗೊಂಡ ಅಪ್ಪನನ್ನು ರ‍್ಯಾಂಡ್ ಕಾಡಿನ ಕತ್ತಲಲ್ಲಿ ಎಳೆದುಕೊಂಡು ಊರಿನತ್ತ ನಡೆಯುತ್ತಾನೆ. ಜ್ವರದ ಕನವರಿಕೆಯಲ್ಲಿ ಟ್ಯಾಮ್ ಏನೋ ಹೇಳುತ್ತಾನೆ. ತಾನು ಇವನ ಹೆತ್ತ ಮಗನಲ್ಲವೇ ಎಂಬ ಅನುಮಾನ ಹುಡುಗನ ಎದೆಗೆ ಬೀಳುತ್ತದೆ. ನಿದ್ದೆಗೆಟ್ಟು ಓದುತ್ತೀರಿ. ಓದದೆ ಇರಲು ಸಾಧ್ಯವೇ ಇಲ್ಲ.

ಎರಡನೆಯ ಸಂಪುಟಕ್ಕೆ ಕಾಯಬೇಕಾಗಿಯೇ ಇಲ್ಲ, ಅದೇ ವರ್ಷ ಬರುತ್ತದೆ. ಆಮೇಲೆ 1994ರವರೆಗೆ ವರ್ಷಕ್ಕೊಂದು. ಮರುಭೂಮಿ ದಾಟುತ್ತೀರಿ, ಕಲ್ಲಿನ ಕೋಟೆಯೊಳಗೆ ಹೋಗುತ್ತೀರಿ. ಆರನೆಯ ಸಂಪುಟದ ಕೊನೆಗೆ ಡುಮಾಯ್ಸ್ ವೆಲ್ಸ್‌ನ ಯುದ್ಧ. ಪೆಟ್ಟಿಗೆಯೊಳಗೆ ಕೂಡಿಹಾಕಿದ್ದ ರ‍್ಯಾಂಡ್ ಹೊರಬರುತ್ತಾನೆ, ಸುತ್ತ ಹೆಣಗಳ ರಾಶಿ. ಜೋರ್ಡನ್ ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನಲ್ಲಿ ಗನ್ನರ್ ಆಗಿದ್ದವನು. ಗೆದ್ದವರ ಮುಖದಲ್ಲೂ ಸಂತೋಷವಿಲ್ಲದ ಆ ರಣರಂಗ ಬರೀ ಕಲ್ಪನೆಯಿಂದ ಬಂದದ್ದಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ.

1996. ಏಳನೆಯ ಸಂಪುಟದ ಕೊನೆಯಲ್ಲಿ ರ‍್ಯಾಂಡ್‌ನ ಗೆಳೆಯ ಮ್ಯಾಟ್‌ನ ಮೇಲೆ ಗೋಡೆ ಕುಸಿಯುತ್ತದೆ. ಸತ್ತನೇ, ಬದುಕಿದನೇ? ಎರಡು ವರ್ಷ ಕಾಯುತ್ತೀರಿ. ಎಂಟನೆಯದು ಬರುತ್ತದೆ. ಪುಟ ಸರಿಸುತ್ತೀರಿ, ಮ್ಯಾಟ್ ಇಲ್ಲ. ಕೊನೆಯ ಅಧ್ಯಾಯ ಬಂತು, ಆಗಲೂ ಇಲ್ಲ. ಆ ಗೋಡೆಯ ಕೆಳಗಿದ್ದವನನ್ನು ಮತ್ತೆ ನೋಡಲು 2000ದವರೆಗೆ ತಾಳಬೇಕು. ಉತ್ಸಾಹ ಮೊದಲು ಸೋರಿದ್ದು ಇಲ್ಲೇ. ಆದರೂ ಒಂಬತ್ತನೆಯದರ ಕೊನೆಗೆ ರ‍್ಯಾಂಡ್ ಮತ್ತು ಅವನ ಊರಿನವಳೇ ಆದ ನೈನೀವ್ ಸೇರಿ, ಗಂಡಸರನ್ನು ಹುಚ್ಚರನ್ನಾಗಿಸುವ ಶಾಪವನ್ನು ಮಾಂತ್ರಿಕ ಶಕ್ತಿಯ ಮೂಲದಿಂದಲೇ ತೊಳೆದುಹಾಕುತ್ತಾರೆ. ಮತ್ತೆ ಮೈ ಜುಮ್ಮೆನ್ನುತ್ತದೆ. ಇನ್ನು ಕಥೆ ಓಡುತ್ತದೆ ಎಂದುಕೊಳ್ಳುತ್ತೀರಿ.

2003ರ ಜನವರಿ. ಹತ್ತನೆಯದು, ‘ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್’, ತೊಡೆಯ ಮೇಲೆ ಭಾರವಾಗಿ ಕೂತಿದೆ. ತೆರೆಯುತ್ತೀರಿ. ಶಾಪ ತೊಳೆದ ಆ ಮಹಾಶಕ್ತಿಗೆ ದೂರದಲ್ಲಿ ಮ್ಯಾಟ್‌ನ ಗುಂಪಿನವರು ಬೆರಗಾಗುತ್ತಾರೆ. ಪುಟ ತಿರುಗಿಸಿದರೆ ಇನ್ನೊಂದು ಊರು, ಅದೇ ದಿನ, ಅದೇ ಶಕ್ತಿ. ಈಗ ಇನ್ನೊಬ್ಬ ಗೆಳೆಯ ಪೆರಿನ್ ಅದರ ಸುದ್ದಿ ಕೇಳುತ್ತಾನೆ. ಮತ್ತೊಂದು ಕಡೆ ಅವರದೇ ಊರಿನ ಎಗ್‌ವೇನ್‌ಳ ಶಿಬಿರದಲ್ಲಿ ಅದರದೇ ಚರ್ಚೆ. ನೀವು ಆಗಲೇ ಕಣ್ಣಾರೆ ಕಂಡ ಘಟನೆಯನ್ನು ಊರೂರಿನವರು ದೂರದಿಂದ ನೋಡುವುದನ್ನು ಈಗ ನೀವು ನೋಡಬೇಕು. ಅರಮನೆಯಲ್ಲಿ ರಾಜಕುಮಾರಿ ಇಲೇನ್ ಸ್ನಾನಕ್ಕಿಳಿಯುತ್ತಾಳೆ. ಯಾರೋ ಚಹಾ ಸುರಿಯುತ್ತಾರೆ. ಉಡುಪಿನ ಕಸೂತಿಯ ವರ್ಣನೆ ಮುಗಿಯುವುದೇ ಇಲ್ಲ. ಪೆರಿನ್‌ನ ಹೆಂಡತಿ ಫಾಯೀಲ್‌ಳನ್ನು ಎಂಟನೆಯ ಸಂಪುಟದಲ್ಲೇ ಶತ್ರುಗಳು ಹೊತ್ತೊಯ್ದಿದ್ದಾರೆ. ಅವನಿನ್ನೂ ಹಿಮದಲ್ಲೇ ಇದ್ದಾನೆ, ಸೋ ಹೇಬರ್ ಎಂಬ ಊರಿನಲ್ಲಿ ಹುಳು ಹಿಡಿದ ಧಾನ್ಯವನ್ನು ತೂರಿಸುತ್ತ.

ಪುಸ್ತಕ ಮಡಿಚಿ ಎದೆಯ ಮೇಲಿಡುತ್ತೀರಿ. ಬೇಸರ ಅನ್ನಲು ಮನಸ್ಸು ಬರುವುದಿಲ್ಲ. ಇವರೆಲ್ಲ ಹದಿಮೂರು ವರ್ಷದ ಪರಿಚಯದವರು.

ಪುಸ್ತಕ ದೊಡ್ಡದಾದದ್ದಕ್ಕೆ ಹೀಗಾಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕನೆಯ ಸಂಪುಟವೂ ದೊಡ್ಡದೇ, ಅದನ್ನು ಕೆಳಗಿಟ್ಟವರಿಲ್ಲ. ಜೋರ್ಡನ್‌ಗೆ ತಾನು ಹುಟ್ಟಿಸಿದ ಒಬ್ಬರನ್ನೂ ಕೈಬಿಡಲಾಗಲಿಲ್ಲ. ಎಲ್ಲರಿಗೂ ಒಂದೊಂದು ಸರದಿ ಕೊಡುತ್ತ ಹೋದಂತೆ ಕಾಲಚಕ್ರದ ಕಥೆಯಲ್ಲಿ ಕಾಲವೇ ನಿಂತುಬಿಟ್ಟಿತು. ಅವನ ಆ ಪ್ರೀತಿಯೇ ಮೊದಲ ಸಂಪುಟಗಳಿಗೆ ಜೀವ ಕೊಟ್ಟದ್ದು, ಹತ್ತನೆಯದನ್ನು ಮುಳುಗಿಸಿದ್ದೂ ಅದೇ.

ಎಷ್ಟೋ ಓದುಗರು ಇಲ್ಲಿಗೆ ಬಿಟ್ಟರು. ಬಿಡದವರ ಕೈಗೆ 2005ರಲ್ಲಿ ‘ನೈಫ್ ಆಫ್ ಡ್ರೀಮ್ಸ್’ ಬರುತ್ತದೆ. ಈಗ ಫಾಯೀಲ್ ಸೆರೆಯಲ್ಲಿದ್ದ ಮಾಲ್ಡನ್ ಊರಿನ ಬಾಗಿಲಲ್ಲಿ ನಿಂತು ನೋಡಿ: ಫಾಯೀಲ್ ಹೊರಬರುತ್ತಿದ್ದಾಳೆ. ಇಲೇನ್‌ಗೆ ಸಿಂಹಾಸನ ಸಿಕ್ಕಿತು. ಮ್ಯಾಟ್‌ಗೆ ಮದುವೆಯಾಯಿತು. ಸೆರೆಯಾದ ಎಗ್‌ವೇನ್ ಏಟು ತಿಂದರೂ ತಲೆಬಾಗುತ್ತಿಲ್ಲ. ವರ್ಷಗಟ್ಟಲೆ ಬಿಗಿದಿದ್ದ ಗಂಟುಗಳು ಒಂದೊಂದಾಗಿ ಬಿಚ್ಚುತ್ತಿವೆ, ನಿಮಗೆ ಮತ್ತೆ ನಿದ್ದೆಯಿಲ್ಲ.

ಜೋರ್ಡನ್ ಸ್ವತಃ ಮುಗಿಸಿದ ಕೊನೆಯ ಕಾದಂಬರಿ ಅದು. 2007ರ ಸೆಪ್ಟೆಂಬರ್ 16ರಂದು ಅಮಿಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆಯಿಂದ ತೀರಿಕೊಂಡ. ಅವನ ಹೆಂಡತಿ, ಸಂಪಾದಕಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರು ಸರಣಿ ಮುಗಿಸಲು ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್‌ನನ್ನು ಆರಿಸಿದರು. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಅವನು ಮೂರು ಸಂಪುಟ ಬರೆದು 2013ಕ್ಕೆ ಕಥೆ ಮುಗಿಸಿದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಪೂರೈಸಿದ್ದನ್ನು ಬಲ್ಲ ನಮಗೆ ಇದು ಹೊಸದೇನಲ್ಲ.

ಎಂಟರಲ್ಲೋ ಹತ್ತರಲ್ಲೋ ಈ ಸರಣಿಯನ್ನು ಬಿಟ್ಟವರು ನೀವಾಗಿದ್ದರೆ ಒಂದು ಮಾತು. ಹತ್ತನೆಯದನ್ನು ಬಲ್ಲವರಿಂದ ಕೇಳಿ ತಿಳಿದುಕೊಳ್ಳಿ, ಸಾಕು. ಹನ್ನೊಂದನೆಯದನ್ನು ಮಾತ್ರ ನೀವೇ ಓದಿ.