ನಕಾನೋ ಪೇಟೆಯ ರಸಿಕರು

ಟೋಕಿಯೋ ನಗರದ ತಕದನೋಬಾಬಾ ಎಂಬ ನಿಲ್ದಾಣದಲ್ಲಿ ರೈಲಿನ ಬಾಗಿಲು ಮುಚ್ಚುವ ಮುನ್ನ ನನ್ನ ಕಿವಿಗೆ ಬಿದ್ದದ್ದು ಗಂಟೆಯ ಸದ್ದಲ್ಲ, ಒಂದು ಹಾಡಿನ ಮಟ್ಟು. "ಇದು ಆತೋಮುವಿನ ಹಾಡು, ಅಪ್ಪಾ" ಎಂದಳು ಪಕ್ಕದಲ್ಲಿದ್ದ ಮಗಳು. ಯಾರೋ ದೊಡ್ಡ ದೇಶಭಕ್ತನಿರಬೇಕೆಂದು ನಾನು ಗೌರವದಿಂದ ತಲೆಯಾಡಿಸಿದೆ. ವಿಚಾರಿಸಲಾಗಿ ಆತೋಮು ಒಬ್ಬ ಯಂತ್ರದ ಹುಡುಗ! ತೆಜುಕಾ ಒಸಾಮು ಎಂಬ ಚಿತ್ರಕಾರರು 1963ರ ಜನವರಿ 1ರಂದು ಆರಂಭಿಸಿ, ವಾರಕ್ಕೊಂದು ಕಂತಿನಂತೆ ದೂರದರ್ಶನದಲ್ಲಿ ನಡೆಸಿದ ಧಾರಾವಾಹಿಯ ನಾಯಕ. ಕಥೆಯ ಪ್ರಕಾರ ಅವನು 2003ನೆಯ ಇಸವಿಯ ಏಪ್ರಿಲ್ 7ರಂದು ಇದೇ ತಕದನೋಬಾಬಾದಲ್ಲಿ ಹುಟ್ಟುತ್ತಾನೆ. ಆ ಇಸವಿ ನಿಜವಾಗಿಯೇ ಬಂದಾಗ, ಮರೆಯದೆ ಅವನ ಹಾಡನ್ನು ತಂದು ನಿಲ್ದಾಣದಲ್ಲಿ ಇರಿಸಿದರು. ಬದುಕಿ ಬಾಳಿದವರ ಜನ್ಮದಿನಗಳನ್ನೇ ಮರೆಯುವ ನನ್ನಂಥವನಿಗೆ, ಹುಟ್ಟದಿದ್ದವನ ಜನ್ಮದಿನಕ್ಕೆ ಒಂದು ಊರು ನಲವತ್ತು ವರ್ಷ ಕಾದಿದ್ದು ಕೇಳಿ ಮೊದಲು ನಗು ಬಂದಿತು. ಆಮೇಲೆ ಅಷ್ಟಾಗಿ ಬರಲಿಲ್ಲ.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿಯೊಂದಕ್ಕೂ ಬೇರೆ ಚಿತ್ರ ಬರೆಯುತ್ತ ಕುಳಿತರೆ ವಾರಕ್ಕೊಂದು ಕಂತು ಹೊರಬಿದ್ದೀತೆ? ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಷ್ಟು ಕಾಲ ನಿಲ್ಲಿಸಿ, ಮುಖ ಕದಲದಂತೆ ತುಟಿಯನ್ನು ಮಾತ್ರ ಕದಲಿಸಿ, ಒಮ್ಮೆ ಬರೆದ ಚಿತ್ರವನ್ನೇ ಮತ್ತೆ ಮತ್ತೆ ಬಳಸಿ, ಬಡವನ ಮನೆಯ ಗೃಹಿಣಿಯಂತೆ ತೆಜುಕಾ ಅವರು ಸಂಸಾರ ತೂಗಿಸಿದರು. ಆ ಹಾದಿಯಲ್ಲಿ ಬೆಳೆದ ಧಾರಾವಾಹಿಗಳಿಗೇ ಇಂದು ಲೋಕವೆಲ್ಲ 'ಆನಿಮೆ' ಎನ್ನುತ್ತದೆ.

ಮಗಳು ಟೋಕಿಯೋದಲ್ಲಿ ಉದ್ಯೋಗಕ್ಕೆ ಸೇರಿ ಆರು ವರ್ಷಗಳಾಗಿದ್ದವು. ನನ್ನ ಹೆಂಡತಿ ಎರಡು ಸಲ ಹೋಗಿ ಬಂದಿದ್ದಳು. ನಾನು ಹೋಗಿರಲಿಲ್ಲ. ಕಾರಣವನ್ನು ಹೇಳಿಬಿಡುವುದೇ ಲೇಸು. ಆಕೆ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಿಂದ ತಂದ ಜಪಾನೀ ಚಿತ್ರಕಥೆಗಳು ಮಂಚದ ಕೆಳಗೆ ತುಂಬಿಕೊಂಡಿದ್ದವು. ಅವುಗಳ ಜೊತೆಗೆ ಆಕೆಯೇ ಬರೆದಿಟ್ಟ ಮೂರು ದಪ್ಪ ನೋಟುಪುಸ್ತಕಗಳು. ಪರೀಕ್ಷೆಗೆ ಎರಡು ತಿಂಗಳಿರುವಾಗ ಒಂದು ಭಾನುವಾರ ಅವೆಲ್ಲವನ್ನೂ ಹಳೆ ಪೇಪರಿನವನ ತಕ್ಕಡಿಗೆ ಹಾಕಿದೆ. ಹನ್ನೊಂದು ಕಿಲೋ ತೂಗಿತು. ಸಂಜೆ ಮನೆಗೆ ಬಂದವಳು ಅಳಲಿಲ್ಲ, ಜಗಳವಾಡಲಿಲ್ಲ. ಒಳ್ಳೆಯ ಅಂಕಗಳನ್ನೇ ತೆಗೆದಳು. ಎಂಜಿನಿಯರಿಂಗ್ ಓದಿ ಜಪಾನಿಗೆ ಹೊರಟುಹೋದಳು. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಊಟವಾಯಿತೆ, ಅಲ್ಲಿ ಚಳಿಯೆ ಎಂಬುದರೊಳಗೇ ಮುಗಿಯುತ್ತಿತ್ತು.

ಆದ್ದರಿಂದ ಹೋದ ವರ್ಷ ನವೆಂಬರಿನಲ್ಲಿ ನಾನು ಅಲ್ಲಿಗೆ ಹೋದಾಗ, ಮೊದಲ ಭಾನುವಾರವೇ ಆಕೆ ನನ್ನನ್ನು ನಕಾನೋಗೆ ಕರೆದೊಯ್ದದ್ದು ಆಕಸ್ಮಿಕವೆಂದು ನಾನು ತಿಳಿಯಲಿಲ್ಲ.

ನಕಾನೋ, ಶಿಂಜುಕುವಿನ ಜನಜಂಗುಳಿಯಿಂದ ರೈಲಿನಲ್ಲಿ ಐದೇ ನಿಮಿಷ. ನಿಲ್ದಾಣದ ಎದುರಿಗೆ ಮೇಲ್ಛಾವಣಿಯುಳ್ಳ ಪೇಟೆಬೀದಿ. ಅದರ ಕೊನೆಗೆ 1966ರಲ್ಲಿ ತೆರೆದ 'ಬ್ರಾಡ್‌ವೇ' ಎಂಬ ಕಟ್ಟಡ. ನೆಲಮಾಳಿಗೆಯಲ್ಲಿ ಮೀನು, ತರಕಾರಿ, ಎಂಟು ಬಗೆಯ ರುಚಿಯನ್ನು ಒಂದರ ಮೇಲೊಂದು ಗೋಪುರದಂತೆ ಪೇರಿಸಿ ಕೊಡುವ ಐಸ್‌ಕ್ರೀಮಿನ ಅಂಗಡಿ. ಮೆಟ್ಟಿಲು ಹತ್ತಿದರೆ ಬೇರೊಂದು ಲೋಕ. 1980ರಲ್ಲಿ ಇಲ್ಲಿ 'ಮಂದರಾಕೆ' ಎಂಬ ಹೆಸರಿನಿಂದ ಹಳೆಯ ಚಿತ್ರಕಥೆಗಳ ಸಣ್ಣ ಅಂಗಡಿಯೊಂದು ಹುಟ್ಟಿತು. ಈಗ ಅದರ ಮಳಿಗೆಗಳು ಮಹಡಿಯಿಂದ ಮಹಡಿಗೆ ಹಬ್ಬಿವೆ: ಒಂದರಲ್ಲಿ ಪುಸ್ತಕ, ಒಂದರಲ್ಲಿ ಬೊಂಬೆ, ಇನ್ನೊಂದರಲ್ಲಿ 'ಸೆಲ್' ಎಂಬ ಪಾರದರ್ಶಕ ಹಾಳೆಗಳು. ಗಣಕಯಂತ್ರ ಬರುವ ಮೊದಲು ಇಂಥ ಹಾಳೆಗಳ ಮೇಲೆ ಕೈಯಿಂದ ಬಣ್ಣ ತುಂಬಿ, ಒಂದೊಂದನ್ನೇ ಕ್ಯಾಮೆರಾದ ಕೆಳಗಿಟ್ಟು ಚಿತ್ರ ತೆಗೆಯುತ್ತಿದ್ದರು. ಕಣ್ಣೆವೆ ಮುಚ್ಚುವಷ್ಟರಲ್ಲಿ ಪರದೆಯಿಂದ ಮಾಯವಾದ ಒಂದು ನಗು, ಇಲ್ಲಿ ಗಾಜಿನ ಹಿಂದೆ ದೇವರ ಪಟದಂತೆ ಕುಳಿತಿದೆ.

ಒಂದು ಗಾಜಿನ ಪೆಟ್ಟಿಗೆಯೊಳಗೆ ಅಂಚು ಹಳದಿಯಾದ, ಮಕ್ಕಳ ಕೈಯಲ್ಲಿ ನಲುಗಿದ ಹಳೆಯ ಚಿತ್ರಕಥೆಯ ಪುಸ್ತಕವೊಂದಿತ್ತು. ಬೆಲೆಯನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದೆ, ಹಾಕಬಾರದಾಗಿತ್ತು. ಮಗಳು ನನ್ನ ಮುಖವನ್ನು ನೋಡದೆ, "ತೂಕಕ್ಕೆ ಹಾಕಿದರೆ ಎಷ್ಟಾದೀತು, ಅಪ್ಪಾ?" ಎಂದಳು.

ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಾದಿಟ್ಟ ಪ್ರಶ್ನೆ. ನಾನು ಉತ್ತರಿಸಲಿಲ್ಲ. ಆಕೆಯೂ ಉತ್ತರಕ್ಕೆ ನಿಲ್ಲದೆ ಮುಂದೆ ನಡೆದಳು.

ಬ್ರಾಡ್‌ವೇಯ ಹಿಂದಿನ ಓಣಿಯಲ್ಲಿ ಒಂದು ಕಾಫಿ ಅಂಗಡಿ. ತಿಂಗಳಿಗೊಂದು ಭಾನುವಾರ ಅಲ್ಲಿ ಮಗಳ ಗೆಳೆಯರ ಕೂಟ ಸೇರುತ್ತದೆ. ಅಂದು ಐವರು ಬಂದಿದ್ದರು: ಬ್ಯಾಂಕಿನ ಗುಮಾಸ್ತ ಒಬ್ಬ, ಆಸ್ಪತ್ರೆಯ ದಾದಿ ಒಬ್ಬಳು, ಪುಣೆಯಿಂದ ಬಂದ ಸಂಶೋಧನ ವಿದ್ಯಾರ್ಥಿ, ಫ್ರೆಂಚ್ ಕಲಿಸುವ ಉಪಾಧ್ಯಾಯಿನಿ, ಮತ್ತು ನನ್ನದೇ ವಯಸ್ಸಿನ ನಿವೃತ್ತ ಗೃಹಸ್ಥರು. ಮಗಳು ನನ್ನ ಕಿವಿಯಲ್ಲಿ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತ ಹೋದಳು. ಅಷ್ಟು ಹೊತ್ತು ಆಕೆ ನನ್ನೊಡನೆ ಮಾತನಾಡಿದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು.

ಗುಮಾಸ್ತನಿಗೂ ವಿದ್ಯಾರ್ಥಿಗೂ ಹಳೆಯ ವ್ಯಾಜ್ಯವೊಂದಿತ್ತು. ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೋಗಿ ತಮ್ಮ ಶರೀರವನ್ನೇ ಕಳೆದುಕೊಂಡ ಅಣ್ಣತಮ್ಮಂದಿರ ಕಥೆ, 'ಫುಲ್‌ಮೆಟಲ್ ಆಲ್ಕೆಮಿಸ್ಟ್'. ಅರಕಾವಾ ಹಿರೋಮು ಎಂಬ ಲೇಖಕಿ ಅದನ್ನು ಬರೆಯುತ್ತಿರುವಾಗಲೇ 2003ರಲ್ಲಿ ಅದು ಆನಿಮೆಯಾಯಿತು. ಪುಸ್ತಕ ಇನ್ನೂ ಮುಗಿಯದಿದ್ದುದರಿಂದ 51 ಕಂತುಗಳ ಆ ಧಾರಾವಾಹಿ ತನ್ನದೇ ದಾರಿ ಹಿಡಿದು, ತನ್ನದೇ ಕೊನೆಯನ್ನು ಕಟ್ಟಿಕೊಂಡಿತು. 2009ರಲ್ಲಿ ಮತ್ತೆ ಮೊದಲಿನಿಂದ, ಮೂಲಕ್ಕೆ ನಿಷ್ಠವಾಗಿ, 64 ಕಂತುಗಳಲ್ಲಿ ಅದನ್ನೇ ಹೇಳಿದರು. ಯಾವುದು ಶ್ರೇಷ್ಠ? ಗುಮಾಸ್ತನು ಎರಡನೆಯದರ ಪಕ್ಷ: ಕಟ್ಟು ಭದ್ರ, ಎಳೆ ತಪ್ಪಿಲ್ಲ. ವಿದ್ಯಾರ್ಥಿ ಮೊದಲನೆಯದರ ಪಕ್ಷ: ಅದರಲ್ಲಿನ ದುಃಖ ಹೆಚ್ಚು ಆಳವಾದದ್ದು. ನಾನು ಬಾಯಿ ತಡೆಯಲಾರದೆ, ನಮ್ಮಲ್ಲಿ ಪಂಪನೂ ಭಾರತ ಹೇಳಿದ, ಕುಮಾರವ್ಯಾಸನೂ ಹೇಳಿದ, ನಾವು ಎರಡನ್ನೂ ಇಟ್ಟುಕೊಂಡೆವು ಎಂದೆ. ಮಗಳು ಭಾಷಾಂತರಿಸುವ ಮುನ್ನ ಒಂದು ಕ್ಷಣ ನನ್ನತ್ತ ನೋಡಿದಳು.

ದಾದಿ ಹೆಚ್ಚು ಮಾತಿನವಳಲ್ಲ. ರಾತ್ರಿಪಾಳಿ ಮುಗಿಸಿ ಬಂದ ಬೆಳಗ್ಗೆ ನಿದ್ರೆ ಹತ್ತದಿದ್ದರೆ ಆಕೆ 2005ರ 'ಮುಶಿಶಿ'ಯ ಒಂದು ಕಂತು ನೋಡುವಳಂತೆ. ಕಾಣದ ಜೀವಿಗಳಿಂದ ಪೀಡಿತರಾದವರನ್ನು ಹುಡುಕಿಕೊಂಡು ಊರೂರು ಅಲೆಯುವ ವೈದ್ಯನಂಥವನೊಬ್ಬನ ಬಿಡಿ ಬಿಡಿ ಕಥೆಗಳು ಅವು. "ಅದರಲ್ಲಿ ಎಲ್ಲರಿಗೂ ಗುಣವಾಗುವುದಿಲ್ಲ, ಅದೇ ನನಗೆ ಸಮಾಧಾನ" ಎಂದಳು. ಉಪಾಧ್ಯಾಯಿನಿ ಹಿಡಿದದ್ದು, 1999ರಲ್ಲಿ ಆರಂಭವಾಗಿ ಸಾವಿರ ಕಂತುಗಳನ್ನು ದಾಟಿದ ಕಡಲ್ಗಳ್ಳರ ಕಥೆ 'ಒನ್ ಪೀಸ್'. ಸಾವಿರ ಕಂತು ನೋಡಲು ಆಯುಷ್ಯ ಸಾಕೇ ಎಂದು ನಾನು ಕೇಳಿದ್ದಕ್ಕೆ, ಆಯುಷ್ಯ ಅದರಿಂದಲೇ ಬೆಳೆಯಿತೆಂಬಂತೆ ನಕ್ಕಳು. ವಾರವಾರವೂ ಧಾರಾವಾಹಿಗಾಗಿ ಅಂಚೆಯವನ ದಾರಿ ಕಾದ ನಮ್ಮ ಮನೆಗಳ ಹೆಂಗಸರು ಅವಳ ಮಾತನ್ನು ಒಪ್ಪುತ್ತಿದ್ದರು.

ನಿವೃತ್ತ ಗೃಹಸ್ಥರದು 1974ರ 'ಹೈದಿ'. ಆಲ್ಪ್ಸ್ ಪರ್ವತದ ಮೇಲೆ ಮುಂಗೋಪಿ ಅಜ್ಜನೊಡನೆ ಬೆಳೆಯುವ ಅನಾಥ ಬಾಲಕಿಯ 52 ಕಂತುಗಳು. ತಕಾಹಾತಾ ಇಸಾವೊ ಅದರ ನಿರ್ದೇಶಕರು. ಮುಂದೆ ಲೋಕಪ್ರಸಿದ್ಧರಾದ ಮಿಯಾಜಾಕಿ ಹಯಾವೊ ದೃಶ್ಯಗಳ ವಿನ್ಯಾಸ ಬರೆದವರು. ಮಕ್ಕಳ ಚಿತ್ರಕ್ಕಾಗಿ ಇಬ್ಬರೂ 1973ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಹುಲ್ಲುಗಾವಲು, ಮರದ ಮನೆಗಳನ್ನು ಕಣ್ಣಾರೆ ನೋಡಿ ಬಂದರು. ಆ ಗೃಹಸ್ಥರು ತಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ನೋಡಿದ್ದರಂತೆ. ನಾನು ಕಾಫಿಯ ಬಟ್ಟಲನ್ನು ನೋಡುತ್ತ ಕುಳಿತೆ.

ಈ ರಸಿಕರಲ್ಲಿ ಕೆಲವು ಕಟ್ಟಳೆಗಳಿವೆ. ಮೂರು ಕಂತು ನೋಡದೆ ಯಾವುದನ್ನೂ ಬಿಡಬಾರದು. 2011ರ 'ಮದೋಕಾ ಮಾಗಿಕಾ'ದಲ್ಲಿ ಮೂರನೆಯ ಕಂತಿನವರೆಗೆ ಹೋದವನಿಗೇ ಅದು ಎಂಥ ಕಥೆಯೆಂದು ತಿಳಿಯುವುದು. ನೋಡದವನ ಮುಂದೆ ಕಥೆಯ ಗುಟ್ಟನ್ನು ಒಡೆಯುವುದು ಮಹಾಪಾತಕ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಸಲಹೆ ಕೊಡುವ ಮೊದಲು ಅವರು ಕೇಳುವ ಪ್ರಶ್ನೆ. ನನಗೆ ಯಾವುದನ್ನು ಹೇಳಬೇಕೆಂಬ ಮಾತು ಬಂದಾಗ ದಾದಿ, "ಕಡೆಯ ಬಾರಿ ಯಾವ ಕಥೆ ಕೇಳಿ ಅತ್ತಿರಿ?" ಎಂದಳು. ಹುಡುಗನಾಗಿದ್ದಾಗ ದೇವಸ್ಥಾನದ ಗಮಕದಲ್ಲಿ ಕರ್ಣನ ಕಥೆ ಕೇಳಿ ಅತ್ತಿದ್ದೆ ಎಂದೆ. ತಾಯಿ ಹೊಳೆಗೆ ಬಿಟ್ಟ ಮಗುವಿನ ಕಥೆಯನ್ನು ಮಗಳು ವಿವರಿಸಿದಳು. ಆ ಕೂಡಲೇ ಐವರೂ ಕಾಗದದ ಕರವಸ್ತ್ರದ ಮೇಲೆ ಐದು ಹೆಸರುಗಳನ್ನು ಬರೆದು ನನ್ನ ಕಡೆಗೆ ತಳ್ಳಿದರು. ಮಗಳು ಮಾತ್ರ ಏನೂ ಬರೆಯಲಿಲ್ಲ.

ಮರುದಿನ ಆಕೆ ರಜೆ ಹಾಕಿ ಕಮಾಕುರಾಗೆ ಕರೆದೊಯ್ದಳು. ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆ. ಹದಿಮೂರನೆಯ ಶತಮಾನದ ಕಂಚಿನ ಮಹಾಬುದ್ಧನಿಗೆ ಕೈಮುಗಿದು, ಎನೋದೆನ್ ಎಂಬ ಪುಟ್ಟ ರೈಲನ್ನು ಹತ್ತಿದೆವು. ಹತ್ತು ಕಿಲೋಮೀಟರಿನ ಆ ದಾರಿ ಮನೆಗಳ ಹಿತ್ತಿಲುಗಳನ್ನು ಸವರಿಕೊಂಡು ಹೋಗಿ, ಥಟ್ಟನೆ ಸಮುದ್ರದ ಮುಂದೆ ತೆರೆದುಕೊಳ್ಳುತ್ತದೆ. ಅಲ್ಲೊಂದು ನಿಲ್ದಾಣದ ಪಕ್ಕದಲ್ಲಿ ಸಾಧಾರಣವಾದ ಒಂದು ರೈಲ್ವೆ ಗೇಟು; ಅದರ ಮುಂದೆ ನೂರಾರು ಜನ. 1993ರಲ್ಲಿ ಆರಂಭವಾದ 'ಸ್ಲ್ಯಾಮ್ ಡಂಕ್' ಎಂಬ ಬ್ಯಾಸ್ಕೆಟ್‌ಬಾಲ್ ಕಥೆಯ ಶೀರ್ಷಿಕೆ ಗೀತೆಯಲ್ಲಿ ಈ ಗೇಟು ಕಾಣುತ್ತದೆ. ಅಷ್ಟಕ್ಕೇ ಕೊರಿಯಾ, ಚೀನಾ, ತೈವಾನುಗಳಿಂದ ಜನ ಬಂದು ಹಸಿರು ರೈಲು ಹಾದುಹೋಗುವುದನ್ನು ಕಾಯುತ್ತಾರೆ. ಇಂಥ ಪ್ರಯಾಣಕ್ಕೆ ಜಪಾನೀ ಭಾಷೆಯಲ್ಲಿ 'ಪುಣ್ಯಕ್ಷೇತ್ರ ಯಾತ್ರೆ' ಎಂದೇ ಹೆಸರು. ರಸ್ತೆಯ ನಡುವೆ ನಿಲ್ಲಬೇಡಿರೆಂದು ಕಾವಲಿನವರು ಗೋಗರೆಯುತ್ತಿದ್ದರು. ಅಲ್ಲಿ ವಾಸಿಸುವವರ ಪಾಡು ನೋಡಿ ನನಗೆ ಮರುಕವಾಯಿತು. ಆದರೆ ಕುಪ್ಪಳಿಗೆ ಹೋಗಿ ಕವಿಶೈಲದ ಬಂಡೆಯ ಮೇಲೆ ಮಾತಿಲ್ಲದೆ ಕುಳಿತು ಬಂದ ನಾನು, ಇವರನ್ನು ಯಾವ ಮುಖದಿಂದ ನಗಲಿ?

"ನಿನ್ನ ಪುಣ್ಯಕ್ಷೇತ್ರ ಯಾವುದು?" ಎಂದು ಕೇಳಿದೆ. ಕೇಳುವುದಕ್ಕೆ ನನಗೆ ಧೈರ್ಯ ಬೇಕಾಯಿತು.

ಅದು ಟೋಕಿಯೋದಲ್ಲೇ ಇತ್ತು. ಸಂಜೆ ಹಿಂದಿರುಗುತ್ತ ತ್ಸುಕಿಶಿಮಾದಲ್ಲಿ ಇಳಿದು ತ್ಸುಕುದಾ ಎಂಬ ಹಳೆಯ ಬೆಸ್ತರ ಕೇರಿಗೆ ನಡೆದೆವು. ಸಣ್ಣ ಮೀನುಗಳನ್ನು ಸೋಯಾ ರಸದಲ್ಲಿ ಬತ್ತಿಸಿ ಮಾಡುವ 'ತ್ಸುಕುದಾನಿ' ಎಂಬ ವ್ಯಂಜನಕ್ಕೆ ಹೆಸರು ಬಂದದ್ದು ಈ ಕೇರಿಯಿಂದ. 1964ರಲ್ಲಿ ದೊಡ್ಡ ಸೇತುವೆಯಾಗುವವರೆಗೂ ಇಲ್ಲಿಗೆ ದೋಣಿಯಲ್ಲಿ ದಾಟಿ ಬರುತ್ತಿದ್ದರು. ಗಗನಚುಂಬಿ ಕಟ್ಟಡಗಳ ಬುಡದಲ್ಲಿ ತಗ್ಗಿದ ಸೂರಿನ ಮನೆಗಳು, ಬಾಗಿಲಲ್ಲಿ ಹೂಕುಂಡಗಳು, ಕಾಲುವೆಯ ಮೇಲೆ ಕೆಂಪು ಕಟಕಟೆಯ ಪುಟ್ಟ ಸೇತುವೆ. ಯಾತ್ರಿಕರು ಯಾರೂ ಇರಲಿಲ್ಲ. 'ಸಾನ್‌ಗತ್ಸು ನೋ ಲಯನ್', ಎಂದರೆ 'ಮಾರ್ಚ್ ತಿಂಗಳ ಸಿಂಹ' ಎಂಬ ಕಥೆಯ ಊರು ಇದೆಂದು ಮಗಳು ಹೇಳಿದಳು. ತಂದೆತಾಯಿಗಳನ್ನು ಕಳೆದುಕೊಂಡು, ಶೋಗಿ ಎಂಬ ಜಪಾನೀ ಚದುರಂಗವನ್ನೇ ಜೀವನೋಪಾಯ ಮಾಡಿಕೊಂಡು, ನದಿಯ ಪಕ್ಕದ ಬರಿದಾದ ಕೋಣೆಯಲ್ಲಿ ಒಂಟಿಯಾಗಿ ಬಾಳುವ ಹುಡುಗನ ಕಥೆ. ಸೇತುವೆಯ ಈಚೆಯ ಒಂದು ಮನೆಯಲ್ಲಿ ಮೂವರು ಅಕ್ಕತಂಗಿಯರಿದ್ದಾರೆ. ಅವರು ಅವನನ್ನು ಊಟಕ್ಕೆ ಕರೆಯುತ್ತಾರೆ.

"ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಪ್ರತಿ ಶನಿವಾರ ಇಲ್ಲಿಗೆ ಬಂದು ನಿಲ್ಲುತ್ತಿದ್ದೆ" ಎಂದಳು.

ಆಗ ನಾನು, ಆ ನೋಟುಪುಸ್ತಕಗಳಲ್ಲಿ ಏನಿತ್ತೆಂದು ಕೇಳಿದೆ. ಕ್ಷಮೆ ಕೇಳಬೇಕೆಂದು ಹೊರಟ ಬಾಯಿಗೆ ಬಂದದ್ದು ಅಷ್ಟೇ.

"ಯಾರಿಗೆ ಯಾವ ಕಥೆ ಹಿಡಿಸೀತು ಎಂದು ಬರೆದಿಡುತ್ತಿದ್ದೆ. ಅಮ್ಮನಿಗೆ, ಅಜ್ಜಿಗೆ, ಕ್ಲಾಸಿನ ಗೆಳತಿಯರಿಗೆ. ನಿಮ್ಮ ಹೆಸರಿನದೂ ಒಂದು ಪುಟವಿತ್ತು."

"ಏನು ಬರೆದಿದ್ದೆ?"

"ಮರೆತುಹೋಯಿತು" ಎಂದಳು. ಕಾಲುವೆಯಲ್ಲಿ ಕಟ್ಟಿಹಾಕಿದ್ದ ದೋಣಿಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಸದ್ದು ಮಾಡುತ್ತಿದ್ದವು.

ಆ ರಾತ್ರಿ ಆಕೆಯ ಪುಟ್ಟ ಮನೆಯಲ್ಲಿ ಸಾರು ಅನ್ನ ಉಂಡು, ಮೊದಲ ಕಂತನ್ನು ನೋಡಿದೆವು. ಹುಡುಗ ಎದ್ದು, ಯಾರೊಡನೆಯೂ ಮಾತಿಲ್ಲದೆ ಸೇತುವೆ ದಾಟಿ ಹೋಗುತ್ತಾನೆ. ಚದುರಂಗದ ಮಣೆಯ ಆಚೆ ಅವನ ಎದುರಾಳಿಯಾಗಿ ಕುಳಿತವನು ಅವನನ್ನು ಸಾಕಿದ ತಂದೆ. ಆಟ ಮುಗಿಯುವ ಹೊತ್ತಿಗೆ ನನ್ನ ಕನ್ನಡಕ ಮಂಜಾಗಿತ್ತು. ಮಗಳು ಅದನ್ನು ಕಂಡೂ ಕಾಣದವಳಂತೆ ಎದ್ದುಹೋಗಿ ಹಾಲು ಕಾಯಿಸಿ ತಂದಳು.

2016ರಿಂದ 2018ರವರೆಗೆ ಎರಡು ಭಾಗಗಳಲ್ಲಿ ಪ್ರಸಾರವಾದ ಅದರಲ್ಲಿ ಒಟ್ಟು 44 ಕಂತುಗಳು. ನನ್ನ ರಜೆ ಮುಗಿಯುವಷ್ಟರಲ್ಲಿ ಒಂಬತ್ತು ಮಾತ್ರ ಮುಗಿದಿದ್ದವು. ಈಗ ಪ್ರತಿ ಭಾನುವಾರ ಬೆಂಗಳೂರಿನಲ್ಲಿ ಸಂಜೆ ಐದೂವರೆಗೆ, ಅಲ್ಲಿ ರಾತ್ರಿ ಒಂಬತ್ತಕ್ಕೆ, ಫೋನಿನ ಆ ತುದಿಯಲ್ಲಿ ಆಕೆ, ಈ ತುದಿಯಲ್ಲಿ ನಾನು, ಏಕಕಾಲಕ್ಕೆ ಕಂತನ್ನು ಹಚ್ಚುತ್ತೇವೆ. ಅವಳಿಗೆ ಅದು ನಾಲ್ಕನೆಯ ಸಲವಂತೆ. ಮೊನ್ನೆಗೆ ಮೂವತ್ತೊಂದನೆಯದು ಮುಗಿಯಿತು. ವಾಚಕರಲ್ಲಿ ಯಾರಾದರೂ ಮುಂದಿನ ಕಥೆಯನ್ನು ಬಲ್ಲವರಿದ್ದರೆ, ದಯವಿಟ್ಟು ನನಗೆ ಪತ್ರ ಬರೆಯಬೇಡಿ.