ಸ್ನಾನದ ಬಿಸಿನೀರು
ಮುಂಜಾನೆ ಇಷ್ಟಲಿಂಗ ಪೂಜೆಗೆ ಮುನ್ನ ಸ್ನಾನದ ನೀರು ಕಾಯಿಸಲು ಹಂಡೆಯೊಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ತಾಯಿಯವರಿಗಾಗಿ 25 ಲೀಟರಿನ ಗೀಸರನ್ನು ಕೂಡಿಸಿದೆವು. ನೀರು ಕಾಯುವಾಗ ಅದರ ಸುರಕ್ಷಾ ಕವಾಟದಿಂದ ಹನಿ ತೊಟ್ಟಿಕ್ಕುತ್ತಿತ್ತು. ವ್ಯರ್ಥವಾಗಬಾರದೆಂದು ನಾನೇ ಅದಕ್ಕೆ ಬಿರಡೆ ಜಡಿದೆ.

ವರ್ಷದ ತಪಾಸಣೆಗೆ ಬಂದ ಮಿಸ್ತ್ರಿಯವರು ಅದನ್ನು ಕಂಡು ಬೆಚ್ಚಿದರು. "ಕಾದ ನೀರು ಹಿಗ್ಗುತ್ತದೆ, ಯಜಮಾನರೇ. ಥರ್ಮೋಸ್ಟಾಟ್ ಕೆಟ್ಟ ದಿನ ಈ ದಾರಿ ಮುಚ್ಚಿದ್ದರೆ ತೊಟ್ಟಿಯೇ ಸಿಡಿದೀತು!" ವಿದ್ಯುತ್ತನ್ನು ನಿಲ್ಲಿಸಿ, ಬಿರಡೆ ಕಿತ್ತು, ಕೊಳವೆಬಾವಿಯ ಗಡಸು ನೀರು ಕಟ್ಟಿದ್ದ ಸುಣ್ಣವನ್ನು ಕೆರೆದು, ಸವೆದ ಮೆಗ್ನೀಸಿಯಂ ಸರಳನ್ನು ಬದಲಿಸಿದರು, ಅರ್ತಿಂಗನ್ನೂ ಪರೀಕ್ಷಿಸಿದರು. ಆ ಸರಳು ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುತ್ತದೆಯಂತೆ.

ಒಲೆಯ ಮುಂದೆ ಸವೆದ ತಾಯಿಯವರ ಕೈಗಳು ಕಣ್ಣಿಗೆ ಕಟ್ಟಿದವು. ಅವರ ಪ್ರಾಣಕ್ಕೇ ಸಂಚಕಾರ ತರಬಹುದಾಗಿದ್ದ ನನ್ನ ಉಳಿತಾಯಕ್ಕೆ ನಾಚಿದೆ. ಅಂದು ಮಿಸ್ತ್ರಿಯವರ ಕಾಯಕವೇ ನನಗೆ ಗುರುವಾಯಿತು.