ರೋಮಿಂಗು ಹೋಯಿತು, ರಿಚಾರ್ಜು ಉಳಿಯಿತು

ನಮ್ಮ ಕಾಸಾರಶಿರಸಿ ನಕಾಶೆಯಲ್ಲಿ ಎಲ್ಲಿದೆ ಅಂತ ಹೊಸ ಓದುಗರು ಆಗಾಗ ಕೇಳುತ್ತಾರೆ. ಲಾತೂರ ಜಿಲ್ಲೆ, ನಿಲಂಗಾ ತಾಲೂಕು. ಪೂರ್ವಕ್ಕೆ ಹೊರಟರೆ ಬಸವಕಲ್ಯಾಣ, ದಕ್ಷಿಣಕ್ಕೆ ಹೊರಟರೆ ಆಳಂದ, ಪಶ್ಚಿಮಕ್ಕೆ ಉಮರ್ಗಾ. 1956ರವರೆಗೆ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗೆರೆ ಎಳೆದರು. ನಾವು ಗೆರೆಯ ಆಚೆ ಉಳಿದೆವು, ಬೀಗರು-ಬಿಜ್ಜರು ಈಚೆ ಉಳಿದರು. ಇದೆಲ್ಲಾ ನಿಮಗೆ ಗೊತ್ತಿದ್ದ ಕಥೆಯೇ. ಇವತ್ತು ಹೇಳಬೇಕಾಗಿರುವುದು ಅದೇ ಗೆರೆ ಮೊಬೈಲಿನೊಳಗೂ ಹೊಕ್ಕ ಕಥೆ, ಮತ್ತೆ ಅದನ್ನು ಯಾರು ಅಳಿಸಿದರು ಎಂಬುದು. ಅಳಿಸಿದವರು ಸರಕಾರದವರಲ್ಲ, ನಮ್ಮ ಹೋರಾಟಗಾರರೂ ಅಲ್ಲ. ಒಂದು ಎಣ್ಣೆ ಕಂಪನಿ!

ಮೊಬೈಲ್ ಸೇವೆಗೆ ಲೈಸನ್ಸ್ ಕೊಡುವಾಗ ದೇಶವನ್ನು 'ಸರ್ಕಲ್' ಅಂತ ಭಾಗ ಮಾಡಿದರು. ಹೆಚ್ಚುಕಡಿಮೆ ಒಂದು ರಾಜ್ಯಕ್ಕೆ ಒಂದು ಸರ್ಕಲ್. ಕರ್ನಾಟಕ ಒಂದು, ಮಹಾರಾಷ್ಟ್ರ-ಗೋವಾ ಸೇರಿ ಇನ್ನೊಂದು, ಮುಂಬೈ ಬೇರೆಯೇ. ದಿಲ್ಲಿಯಲ್ಲಿ ಕುಳಿತವರಿಗೆ ಇದು ಸರಳ ಲೆಕ್ಕ. ಗಡಿಯಲ್ಲಿ ಇರುವವರಿಗೆ ಇದರ ಅರ್ಥ ಏನು? ಬಸವಕಲ್ಯಾಣದ ಅಕ್ಕನಿಗೆ ಫೋನ್ ಮಾಡಿದರೆ ಎಸ್‌ಟಿಡಿ. ನಾಗಪುರದ ಗುರುತಿಲ್ಲದ ಮನುಷ್ಯನಿಗೆ ಮಾಡಿದರೆ ಲೋಕಲ್!

ಅದಕ್ಕಿಂತ ದೊಡ್ಡ ತಾಪತ್ರಯ ಟವರಿನದು. ಟವರಿಗೆ ರಾಜ್ಯ ಗೊತ್ತಾಗುವುದಿಲ್ಲ. ಗಾಳಿ ಹೇಗೋ ಸಿಗ್ನಲ್ ಹಾಗೆ. ಗಡಿ ಹಳ್ಳಿಗಳಲ್ಲಿ ಮನೆಯ ಮಾಳಿಗೆ ಹತ್ತಿದರೆ ಫೋನಿನ ಮೇಲೆ 'ಕರ್ನಾಟಕ' ಅಂತ ಬೀಳುತ್ತಿತ್ತು, ಕೆಳಗೆ ಇಳಿದು ಪಡಸಾಲೆಗೆ ಬಂದರೆ 'ಮಹಾರಾಷ್ಟ್ರ'. ಮಾಳಿಗೆಯ ಮೇಲೆ ನಿಂತು ಬಂದ ಫೋನ್ ಎತ್ತಿದರೂ ರೋಮಿಂಗ್ ಹೆಸರಲ್ಲಿ ದುಡ್ಡು ಹೋಗುತ್ತಿತ್ತು. ದೇಶದಲ್ಲಿ ಬಂದ ಕರೆಗಳು ಪುಕ್ಕಟೆ ಆದದ್ದು 2003ರ ಮೇ ತಿಂಗಳಲ್ಲಿ. ಆದರೆ ಆ ಪುಕ್ಕಟೆ ಅವರವರ ಸರ್ಕಲ್ಲಿನ ಒಳಗೆ ಮಾತ್ರ. ಹೊಲದಲ್ಲಿ ನಿಂತ ರೈತ ತಾನು ಯಾವ ಸರ್ಕಲ್ಲಿನಲ್ಲಿ ನಿಂತಿದ್ದೇನೆ ಅಂತ ಹೇಗೆ ತಿಳಿಯಬೇಕು? ನಾವೂ ಸಿಮ್ ಕೊಟ್ಟ ಕಂಪನಿಯ ಸಹಾಯವಾಣಿಗೆ ಎಷ್ಟೋ ಸಲ ದೂರು ಕೊಟ್ಟಿದ್ದುಂಟು. 'ಫೋನಿನಲ್ಲಿ ನೆಟ್‌ವರ್ಕನ್ನು ಕೈಯಾರೆ ಆರಿಸಿಕೊಳ್ಳಿ' ಎಂದರು. ಅದನ್ನು ಹಳ್ಳಿಯ ಹಿರಿಯರಿಗೆ ಕಲಿಸುವ ಕೆಲಸವೂ ಮಾಸ್ತರ ಪಾಲಿಗೇ ಬಂತು.

ಹೀಗಾಗಿ ಗಡಿ ಭಾಗದ ನಾವೆಲ್ಲಾ ಎರಡು ಸಿಮ್ಮಿನ ಜನ. ಒಂದು ಆ ಕಡೆಯದು, ಒಂದು ಈ ಕಡೆಯದು. ಎರಡು ಸಿಮ್ ಹಿಡಿಯುವ ಅಗ್ಗದ ಫೋನುಗಳು ಬಂದಾಗ ನಮ್ಮ ಕಡೆ ಆದ ಖುಷಿ ಬೆಂಗಳೂರು-ಪುಣೆಯವರಿಗೆ ಅರ್ಥವಾಗಲಿಕ್ಕಿಲ್ಲ. ಮತ್ತೊಂದು ಉಪಾಯ ಮಿಸ್ ಕಾಲ್. ಒಂದು ಸಲ ಬಾರಿಸಿದರೆ 'ಬಸ್ಸು ಹತ್ತಿದೆ', ಎರಡು ಸಲ ಬಾರಿಸಿದರೆ 'ನೀವೇ ಮಾಡ್ರಿ'. ಅಂದ ಹಾಗೆ ನಮ್ಮ ವಿದ್ಯಾರ್ಥಿಗಳ ಪಾಲಕರು ಈ ವಿದ್ಯೆಯಲ್ಲಿ ಪಿಎಚ್‌ಡಿ ಮಾಡಿದವರು.

ಆ ಕಾಲದಲ್ಲಿ ಸ್ಪರ್ಧೆ ಇರಲಿಲ್ಲವೇ? ಇತ್ತು. ಬೇಕಾದಷ್ಟಿತ್ತು. ಒಂದೊಂದು ಸರ್ಕಲ್ಲಿನಲ್ಲಿ ಹತ್ತು ಹನ್ನೆರಡು ಕಂಪನಿ. 2002ರ ಡಿಸೆಂಬರ್ 28ಕ್ಕೆ ರಿಲಯನ್ಸ್ ಇನ್ಫೋಕಾಮ್ ಶುರುವಾಯಿತು, ಮರುವರ್ಷ ಮಳೆಗಾಲದಲ್ಲಿ 501 ರೂಪಾಯಿ ಕಟ್ಟಿದರೆ ಫೋನೇ ಕೈಗೆ ಕೊಟ್ಟರು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಎಂದು ದೇಶದಲ್ಲಿ ಎಲ್ಲಿಗೆ ಮಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಮಾಡಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ತಂದಾಗ ಉಳಿದವರೂ ಹಿಂದೆ ಬಿದ್ದರು. ಇಷ್ಟೆಲ್ಲಾ ಜಗ್ಗಾಟದಲ್ಲೂ ರೋಮಿಂಗನ್ನು ಮಾತ್ರ ಖಾಸಗಿಯವರು ಬಿಡಲಿಲ್ಲ. ಬಿಎಸ್‌ಎನ್‌ಎಲ್ 2015ರ ಜೂನ್ 15ರಿಂದ ರೋಮಿಂಗಿನಲ್ಲಿ ಬಂದ ಕರೆಗಳನ್ನು ಪುಕ್ಕಟೆ ಮಾಡಿತು, ಅದಕ್ಕೆ ಶರಣು. ಆದರೆ ಅದರ ಟವರು ನಮ್ಮ ಕಡೆ ಕರೆಂಟು ಇದ್ದಾಗ ಉಂಟು, ಇಲ್ಲದಾಗ ಇಲ್ಲ.

ಈಗ ಆ ಎಣ್ಣೆ ಕಂಪನಿಯ ವಿಷಯಕ್ಕೆ ಬರೋಣ. 2010ರಲ್ಲಿ ಸರಕಾರ ಬ್ರಾಡ್‌ಬ್ಯಾಂಡ್ ತರಂಗಗಳ ಹರಾಜು ಮಾಡಿತು. ಇನ್ಫೋಟೆಲ್ ಎಂಬ ಯಾರೂ ಕೇಳಿರದ ಕಂಪನಿಯೊಂದು 12,848 ಕೋಟಿ ರೂಪಾಯಿಗೆ ಇಡೀ ದೇಶದ ತರಂಗ ಗೆದ್ದಿತು. ಹರಾಜು ಮುಗಿಯುತ್ತಿದ್ದಂತೆ ಮುಕೇಶ್ ಅಂಬಾನಿಯವರ ರಿಲಯನ್ಸ್ ಇಂಡಸ್ಟ್ರೀಸ್ ಆ ಕಂಪನಿಯ 95 ಪ್ರತಿಶತ ಪಾಲನ್ನು 4,800 ಕೋಟಿಗೆ ಕೊಂಡಿತು. ಇಂಟರ್ನೆಟ್‌ಗೆಂದು ಪಡೆದ ಪರವಾನಗಿಯಲ್ಲಿ ಮಾತಿಗೂ ಅವಕಾಶ ಸಿಕ್ಕದ್ದು 2013ರಲ್ಲಿ, 1,658 ಕೋಟಿ ಶುಲ್ಕ ಕಟ್ಟಿ. ಇದು ಕಡಿಮೆಯಾಯಿತು ಅಂತ ಆಗ ಕೂಗಾಟವೂ ಆಯಿತು. ಅದೇನೇ ಇರಲಿ, 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರು. ಶಿಕ್ಷಕರ ದಿನ ನೋಡಿ! ಡಿಸೆಂಬರ್‌ವರೆಗೆ ಎಲ್ಲಾ ಪುಕ್ಕಟೆ, ಆಮೇಲೆ ಹೊಸ ವರ್ಷದ ಹೆಸರಲ್ಲಿ ಮಾರ್ಚ್‌ವರೆಗೆ ಪುಕ್ಕಟೆ. ಮಾತಿಗೆ ಎಂದೆಂದೂ ಬೇರೆ ದುಡ್ಡಿಲ್ಲ, ದೇಶದೊಳಗೆ ರೋಮಿಂಗ್ ಎಂಬ ಶಬ್ದವೇ ಇಲ್ಲ ಎಂದರು. 170 ದಿನಗಳಲ್ಲಿ ಹತ್ತು ಕೋಟಿ ಗಿರಾಕಿಗಳು ಸೇರಿದರು.

ಇದು ಹೇಗೆ ಸಾಧ್ಯವಾಯಿತು ಅಂತ ಒಂಬತ್ತನೆಯ ವರ್ಗದ ಹುಡುಗರು ಕೇಳಿದ್ದರು. ಒಂದು, ಹಳೆಯ ಕಂಪನಿಗಳದು ಮಾತಿಗೆ ಒಂದು ಜಾಲ, ಡೇಟಾಕ್ಕೆ ಇನ್ನೊಂದು. ಜಿಯೋದಲ್ಲಿ ಮಾತೂ ಡೇಟಾವೇ, ಒಂದೇ 4ಜಿ ಜಾಲದಲ್ಲಿ ಹರಿಯುತ್ತದೆ. ಎರಡು, ಎಣ್ಣೆಯಲ್ಲಿ ಗಳಿಸಿದ ಗಂಟು ಬೆನ್ನ ಹಿಂದೆ ಇತ್ತು. ಒಂದೂವರೆ ಲಕ್ಷ ಕೋಟಿಯಷ್ಟು ಸುರಿದು, ವರ್ಷ ಕಾಯುವ ತಾಕತ್ತು ಬೇರೆ ಯಾರಿಗಿತ್ತು? ಈ ಎರಡನೆಯ ಕಾರಣವನ್ನು ಯಾರೂ ಮರೆಯಬಾರದು.

ಹಳೆಯವರು ಸುಮ್ಮನೆ ಕೂಡಲಿಲ್ಲ. ಒಂದು ಕಂಪನಿಯ ಫೋನಿನಿಂದ ಇನ್ನೊಂದು ಕಂಪನಿಯ ಫೋನಿಗೆ ಕರೆ ಹೋಗಬೇಕಾದರೆ ನಡುವೆ ಕೂಡುದಾರಿ ಬೇಕು. ಆ ದಾರಿಯನ್ನು ಬೇಕಾದಷ್ಟು ಕೊಡಲಿಲ್ಲ, ನೂರಕ್ಕೆ 75 ಕರೆಗಳು ಬಿದ್ದುಹೋಗುತ್ತಿವೆ ಎಂದು ಜಿಯೋ ದೂರಿತು. 2016ರ ಅಕ್ಟೋಬರಿನಲ್ಲಿ ಟ್ರಾಯ್ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂವರ ಮೇಲೆ ಒಟ್ಟು 3,050 ಕೋಟಿ ದಂಡಕ್ಕೆ ಶಿಫಾರಸು ಮಾಡಿತು. ಇತ್ತ ಏರ್‌ಟೆಲ್ 'ಪುಕ್ಕಟೆ ಕೊಟ್ಟು ನಮ್ಮನ್ನು ಮುಗಿಸುತ್ತಿದ್ದಾರೆ' ಎಂದು ಸ್ಪರ್ಧಾ ಆಯೋಗದ ಬಾಗಿಲು ಬಡಿಯಿತು. 2017ರ ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ಜಿಯೋ ಪಾಲು ಶೇ. 7ಕ್ಕಿಂತ ಕಡಿಮೆ, ಅದು ಮಾರುಕಟ್ಟೆಯ ಯಜಮಾನ ಅಲ್ಲ, ಹೊಸಬ ಗಿರಾಕಿ ಹಿಡಿಯಲು ಅಗ್ಗ ಮಾಡಿದರೆ ತಪ್ಪೇನು ಎಂಬ ತರ್ಕ. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ನಮಗೆ ಅನಿಸುವುದು, ಆನೆ ಕೆರೆಗೆ ಇಳಿಯುವಾಗ ಒಂದು ಕಾಲು ಮಾತ್ರ ನೀರಲ್ಲಿದೆ ಅಂತ ಅಳತೆ ಮಾಡಿದ ಹಾಗಾಯಿತು.

ಗಡಿಯವರಾದ ನಮಗೆ ಆದ ಲಾಭ ಮಾತ್ರ ಸುಳ್ಳಲ್ಲ. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ರೋಮಿಂಗ್ ಶುಲ್ಕ ತೆಗೆಯಿತು, ಉಳಿದವರೂ ತೆಗೆದರು. ಮಾಳಿಗೆ ಹತ್ತಿದರೂ ಅಷ್ಟೇ, ಪಡಸಾಲೆಯಲ್ಲಿ ಕುಳಿತರೂ ಅಷ್ಟೇ! ಒಂದು ಜಿಬಿಗೆ 250 ರೂಪಾಯಿ ಆಸುಪಾಸು ಇದ್ದದ್ದು ಹತ್ತಿಪ್ಪತ್ತು ರೂಪಾಯಿಗೆ ಬಂತು. ಸೋಯಾ, ತೊಗರಿ ಬೆಳೆದವರು ಲಾತೂರ, ಉದಗೀರ, ಕಲಬುರಗಿ ಮೂರೂ ಕಡೆಯ ಅಡತಿಯ ಭಾವವನ್ನು ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ನೋಡಿ ಗಾಡಿ ಹೂಡತೊಡಗಿದರು.

ಶಾಲೆಗಂತೂ ಇದು ದೊಡ್ಡ ಸಂಗತಿ. ನಮ್ಮ ಪಠ್ಯ ಬಾಲಭಾರತಿಯ ಕನ್ನಡ ಪುಸ್ತಕ. ಜೂನ್‌ನಲ್ಲಿ ಪುಸ್ತಕ ತಡವಾದರೆ ಮೊದಲು ಕೈಕಟ್ಟಿ ಕೂಡಬೇಕಿತ್ತು. ಈಗ ಪಿಡಿಎಫ್ ಇಳಿಸಿಕೊಂಡು ಪಾಠ ಶುರು ಮಾಡಬಹುದು. 2020ರ ಲಾಕ್‌ಡೌನಿನಲ್ಲಿ ಶಾಲೆ ನಡೆದದ್ದೇ ಫೋನಿನ ಮೇಲೆ. ಕರ್ನಾಟಕದ ಚಂದನ ವಾಹಿನಿಯ ಪಾಠಗಳನ್ನು ನಮ್ಮ ಮಕ್ಕಳೂ ನೋಡಿದರು. ಪಠ್ಯಕ್ರಮ ಬೇರೆ, ಆದರೆ ಭಾಷೆ ನಮ್ಮದೇ ತಾನೇ? ಮರಾಠಿ ಶಾಲೆಯ ಮಕ್ಕಳಿಗೆ ನೂರು ವಿಡಿಯೋ ಸಿಕ್ಕರೆ ನಮ್ಮವರಿಗೆ ಹತ್ತು ಸಿಗುತ್ತಿತ್ತು, ಆ ಹತ್ತನ್ನೂ ಅಗ್ಗದ ಡೇಟಾ ಇಲ್ಲದೆ ನೋಡಲಾಗುತ್ತಿರಲಿಲ್ಲ. ಒಂದೇ ಫೋನಿಗೆ ಮೂವರು ಮಕ್ಕಳು ಜಗಳಾಡಿದ ಮನೆಗಳನ್ನೂ ನೋಡಿದ್ದೇವೆ, ಅಪ್ಪ ಹೊಲಕ್ಕೆ ಫೋನ್ ಒಯ್ದನೆಂದು ಪಾಠ ತಪ್ಪಿಸಿಕೊಂಡವರನ್ನೂ.

ಹಾಗಾದರೆ ಸಂತೋಷಪಟ್ಟು ಸುಮ್ಮನಿರಬಹುದಲ್ಲ? ಇಲ್ಲ ಮಿತ್ರರೇ. ಆ ಹತ್ತು ಹನ್ನೆರಡು ಕಂಪನಿಗಳು ಎಲ್ಲಿ ಹೋದವು ಅಂತ ನೋಡಿ. ಅನಿಲ್ ಅಂಬಾನಿಯವರ ಆರ್‌ಕಾಮ್ 2017ರ ಕೊನೆಗೆ ಮೊಬೈಲ್ ಮಾತಿನ ಸೇವೆ ಮುಚ್ಚಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಟೆಲಿನಾರ್, ಟಾಟಾ ಎರಡೂ ಏರ್‌ಟೆಲ್ ಹೊಟ್ಟೆ ಸೇರಿದವು. 2018ರ ಆಗಸ್ಟ್ 31ಕ್ಕೆ ವೊಡಾಫೋನ್-ಐಡಿಯಾ ಒಂದಾದವು. ಮೇಲಿಂದ 2019ರ ಅಕ್ಟೋಬರ್ 24ಕ್ಕೆ ಸರಕಾರಕ್ಕೆ ಕೊಡಬೇಕಾದ ಹಳೆ ಬಾಕಿಯ ಕುರಿತು ಸುಪ್ರೀಂ ಕೋರ್ಟ್ ತೀರ್ಪು ಬಂತು. ಅದರ ಭಾರಕ್ಕೆ ಬಗ್ಗಿದ ವೊಡಾಫೋನ್ ಐಡಿಯಾದಲ್ಲಿ 2025ರಿಂದ ಸುಮಾರು 49 ಪ್ರತಿಶತ ಪಾಲು ಸರಕಾರದ್ದೇ. ಇವತ್ತು ನಾಲ್ಕರಲ್ಲಿ ಸುಮಾರು ಮೂರು ಪಾಲು ಗಿರಾಕಿಗಳು ಜಿಯೋ, ಏರ್‌ಟೆಲ್ ಇಬ್ಬರ ಕೈಯಲ್ಲಿ.

2020ರಲ್ಲಿ ಫೇಸ್‌ಬುಕ್ 43,574 ಕೋಟಿ ಕೊಟ್ಟು ಜಿಯೋದ ಶೇ. 9.99 ಪಾಲು ಹಿಡಿಯಿತು, ಗೂಗಲ್ 33,737 ಕೋಟಿಗೆ ಶೇ. 7.7. ಅದೇ ಗೂಗಲ್ 2022ರಲ್ಲಿ ಏರ್‌ಟೆಲ್‌ಗೂ ಹಣ ಹಾಕಲು ಒಪ್ಪಿತು! ಅಂದರೆ ಅಂಗಡಿ ಎರಡು, ಎರಡರಲ್ಲೂ ಒಬ್ಬನೇ ಪಾಲುದಾರ. ಇದೇ ಗೂಗಲ್ ಅಮೆರಿಕದಲ್ಲಿ 2015ರಲ್ಲಿ 'ಪ್ರಾಜೆಕ್ಟ್ ಫೈ' ಎಂದು ತಾನೇ ಮೊಬೈಲ್ ಸೇವೆ ತೆರೆದಿತ್ತು. ಸ್ವಂತ ಟವರ್ ಒಂದೂ ಇಲ್ಲ, ಸ್ಪ್ರಿಂಟ್ ಮತ್ತು ಟಿ-ಮೊಬೈಲ್ ಜಾಲ ಬಾಡಿಗೆಗೆ. ತಿಂಗಳಿಗೆ 20 ಡಾಲರ್, ಮೇಲೆ ಒಂದು ಜಿಬಿಗೆ 10 ಡಾಲರ್, ಬಳಸದೆ ಉಳಿದ ಡೇಟಾದ ಹಣ ವಾಪಸ್. ದರ ನಮಗೆ ಹೊರೆ, ಆದರೆ ಆ ಕೊನೆಯ ಮಾತು ಬಹಳ ಹಿಡಿಸಿತು. ನಮ್ಮಲ್ಲಿ ದಿನದ ಒಂದೂವರೆ ಜಿಬಿ ರಾತ್ರಿ ಹನ್ನೆರಡಕ್ಕೆ ಸತ್ತುಹೋಗುತ್ತದೆ, ಕೇಳುವವರಿಲ್ಲ.

ಸ್ಪರ್ಧೆ ಕಡಿಮೆಯಾದದ್ದು ಯಾರಿಗೆ ಮೊದಲು ತಟ್ಟಿತು ಗೊತ್ತೇ? ಡೇಟಾ ಬೇಡದವರಿಗೆ. ಹಿಂದೆ 'ಲೈಫ್‌ಟೈಮ್' ಎಂದು 999 ರೂಪಾಯಿ ಕಟ್ಟಿಸಿಕೊಂಡಿದ್ದರು, ನೆನಪಿರಬಹುದು. 2018ರ ಕೊನೆಗೆ ಏರ್‌ಟೆಲ್ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಲೇಬೇಕು ಎಂದಿತು. ಅದು 79 ಆಯಿತು, 99 ಆಯಿತು, 155 ಆಯಿತು, 2024ರ ಜುಲೈಗೆ 199. ಆ ತಿಂಗಳು ಮೂರೂ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದವು. ಮಾತಾಡಿಕೊಂಡು ಮಾಡಿದರೋ ಇಲ್ಲವೋ, ಗಿರಾಕಿಗೆ ಆದದ್ದು ಒಂದೇ. ನಮ್ಮ ಓಣಿಯ ಅಜ್ಜಿಯೊಬ್ಬರ ಮಗ ಪುಣೆಯಲ್ಲಿ ಕೂಲಿ. ಅವರು ಶಾಲೆಗೇ ಬಂದು, "ಮಾಸ್ತರ್ರೆ, ಮಗನ ಫೋನ್ ಬಂದ್ರ ಸಾಕು ನನಗ. ದಿನಾ ಇಷ್ಟ್ ಡೇಟಾ ತಗೊಂಡು ನಾ ಏನ್ ಮಾಡ್ಲಿ?" ಎಂದರು. ಉತ್ತರ ನಮ್ಮ ಹತ್ತಿರ ಇರಲಿಲ್ಲ.

2024ರ ಏರಿಕೆಯ ನಂತರ ಕೆಲವು ತಿಂಗಳು ಜನ ಬಿಎಸ್‌ಎನ್‌ಎಲ್ ಕಡೆ ನಡೆದರು. 2025ರ ಸೆಪ್ಟೆಂಬರ್ 27ಕ್ಕೆ ಅದರ ಸ್ವದೇಶಿ 4ಜಿ ಉದ್ಘಾಟನೆಯೂ ಆಯಿತು, ಜಿಯೋ ಬಂದು ಒಂಬತ್ತು ವರ್ಷವಾದ ಮೇಲೆ! ಆದರೂ ಅದು ಗಟ್ಟಿಯಾಗಿ ನಿಲ್ಲಬೇಕು ಎಂಬುದು ನಮ್ಮ ಆಸೆ. ನಾಲ್ಕನೆಯ ಅಂಗಡಿ ತೆರೆದಿದ್ದರೆ ಮಾತ್ರ ಉಳಿದ ಮೂವರು ತೂಕ ಸರಿಯಾಗಿ ಹಾಕುತ್ತಾರೆ.

ಆ ಅಜ್ಜಿಯಂಥವರಿಗೆ ಒಂದು ದಾರಿ ಆಗಿದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದು ನಿಯಮ ಮಾಡಿತು. 2025ರ ಜನವರಿಯಲ್ಲಿ ಬಂದವು, 84 ದಿನಕ್ಕೆ 450 ರೂಪಾಯಿ ಆಸುಪಾಸು. ಒಮ್ಮೆಲೇ ಅಷ್ಟು ಕೊಡುವುದು ಕೂಲಿಯವರಿಗೆ ಕಷ್ಟವೇ, ಆದರೆ ಲೆಕ್ಕ ಹಾಕಿದರೆ 199ಕ್ಕಿಂತ ಕಡಿಮೆ ಬೀಳುತ್ತದೆ. ಪಾಲಕರ ಸಭೆಯ ದಿನ ನಮ್ಮ ಶಾಲೆಯ ಫಲಕದ ಮೇಲೆ ಇದನ್ನು ಬರೆದು ಹಾಕಿದೆವು. ನಿಮ್ಮ ಶಾಲೆಗಳಲ್ಲೂ ಬರೆಯಿರಿ. ರಿಚಾರ್ಜ್ ಅಂಗಡಿಯವನು ತಾನಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹಾಕುತ್ತಾನೆ. ಹಾಕುವ ಮೊದಲು ಈಗಿನ ದರ ಒಮ್ಮೆ ವಿಚಾರಿಸಿಕೊಳ್ಳಿ.